ಹಗ್ಗದೊಳಗಿನ ಕಡಲೆಗೂ ಒಂದು ತುತ್ತು

ಎದುರಿನಿಂದ ಒಬ್ಬರು "ನಿಂದ್ರು" ಎನ್ನುತ್ತಾರೆ. ಹಿಂದಿನಿಂದ ಇನ್ನೊಬ್ಬರು "ನಿಂದ್ರಬ್ಯಾಡ್ರಿ" ಎನ್ನುತ್ತಾರೆ. ನಡುವೆ ನೀವು. ಎಡಗೈಯಲ್ಲಿ ಬುಟ್ಟಿ, ಬಲಗೈಯಲ್ಲಿ ಬಜ್ಜಿ ಕಲಸಿದ ರೊಟ್ಟಿ. ಏನು ಮಾಡುತ್ತೀರಿ?

ನಾನಂತೂ ನಡೆದೆ. ನಡೆಯುತ್ತಾ ಎಸೆದೆ. ಎಸೆದದ್ದು ಬೀಳಬಾರದ ಕಡೆಯೇ ಬಿತ್ತು.

ಎದುರಿನಿಂದ ಕೂಗಿದವಳು ನನ್ನ ತಂಗಿ ಗಂಗಾಂಬಿಕೆ. ಮನೆಯಲ್ಲಿ ಗಂಗಾ, ಹೊರಗೆ ಡಾಕ್ಟರ್ ಗಂಗಾಂಬಿಕೆ. (ಜ್ವರ ನೋಡುವ ಡಾಕ್ಟರ್ ಅಲ್ಲ, ಹುಳದ ಡಾಕ್ಟರ್. ಆಳಂದದ ನಮ್ಮ ಓಣಿಯವರಿಗೆ ಇದನ್ನು ತಿಳಿಸಿ ಹೇಳುವುದರಲ್ಲಿ ನಮ್ಮವ್ವನ ಅರ್ಧ ಆಯುಷ್ಯ ಕಳೆಯಿತು. ಈಗಲೂ ಯಾರಾದರೊಬ್ಬರು ಮೊಣಕಾಲು ನೋವು ಹೇಳಿಕೊಂಡು ಬರುತ್ತಾರೆ.) ಅವಳು ಕೃಷಿ ಸಂಶೋಧನಾ ಕೇಂದ್ರವೊಂದರಲ್ಲಿ ಕೀಟ ವಿಜ್ಞಾನಿ. ತೊಗರಿ, ಕಡಲೆಯ ಕಾಯಿ ಕೊರೆಯುವ ಹಸಿರು ಹುಳದ ಹಿಂದೆ ಬಿದ್ದು ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು.

ಹಿಂದಿನಿಂದ ಕೂಗಿದವನು ಶರಣಪ್ಪ, ಹೊಲದ ಒಡತಿ ಭಾಗಮ್ಮನವರ ಮಗ. ಊರು ಸರಸಂಬಾ. ದಿನ ಎಳ್ಳಮಾವಾಸ್ಯೆ.

ನಮ್ಮ ಕಡೆಯ ಓದುಗರಿಗೆ ಇಷ್ಟೇ ಸಾಕು, ಉಳಿದದ್ದು ಅವರಿಗೇ ಗೊತ್ತಾಗುತ್ತದೆ. ಬೇರೆ ಕಡೆಯವರಿಗಾಗಿ ನಾಲ್ಕು ಮಾತು. ಎಳ್ಳಮಾವಾಸ್ಯೆಗೆ ನಮ್ಮಲ್ಲಿ ಭೂಮಿ ತಾಯಿ ತುಂಬಿದ ಬಸುರಿ. ಬಸುರಿಗೆ ಬಯಕೆ ಇರುತ್ತದಲ್ಲ? ಅದಕ್ಕೇ ಮನೆಮಂದಿ, ಬೀಗರು, ಗೆಳೆಯರು ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಲೆ, ಇದ್ದಬದ್ದ ಕಾಳು-ಸೊಪ್ಪನ್ನೆಲ್ಲ ಒಟ್ಟಿಗೆ ಬೇಯಿಸಿದ ಬಜ್ಜಿ. ಬನ್ನಿ ಮರದ ಕೆಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಮಾಡಿದ ಅಡುಗೆಯನ್ನೆಲ್ಲ ಬುಟ್ಟಿಯಲ್ಲಿ ಕಲಸಿ, "ಹುಲ್ಲುಲ್ಲಿಗೋ" ಎಂದು ಕೂಗುತ್ತಾ ಹೊಲದ ತುಂಬ ಚೆಲ್ಲುತ್ತೇವೆ. ಅದಕ್ಕೆ ಚರಗ ಎನ್ನುತ್ತಾರೆ. ಮುಂದಿನವನು ಅನ್ನ ಚೆಲ್ಲಬೇಕು, ಹಿಂದಿನವನು ನೀರು ಚಿಮುಕಿಸಬೇಕು. ಭೂಮಿಯ ಊಟ ಆದ ಮೇಲೆ ನಮ್ಮ ಊಟ.

ಭಾಗಮ್ಮನವರ ಮನೆಯಲ್ಲಿ ಇನ್ನೂ ಒಂದು ಪದ್ಧತಿ ಇದೆ. ಚರಗ ಚೆಲ್ಲಲು ಶುರು ಮಾಡಿದವನು ಹೊಲ ಸುತ್ತಿ ಮುಗಿಯುವ ತನಕ ನಿಲ್ಲಬಾರದು, ತಿರುಗಿ ನೋಡಬಾರದು. ಬಡಿಸುವವನು ನಡುವೆ ಕೈ ತಡೆದರೆ ಉಣ್ಣುವವರಿಗೆ ಅವಮಾನ ಎಂಬ ಲೆಕ್ಕ. ಈ ಮಾತು ನೆನಪಿಟ್ಟುಕೊಳ್ಳಿ. ನಾನು ಬೇಕೆಂದೇ ಮಾಡಲಿಲ್ಲ ಎಂಬುದಕ್ಕೆ ನನ್ನ ಹತ್ತಿರ ಇರುವ ಸಬೂಬು ಇದೊಂದೇ.

ತಂಗಿಯ ವಿಷಯ ಇನ್ನಷ್ಟು ಹೇಳಬೇಕು. ಬೆಳಗ್ಗೆ ಎದ್ದು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತರೆ ಅವಳನ್ನು ಯಾರೂ ಮಾತಾಡಿಸುವಂತಿಲ್ಲ. ಪೂಜೆ ಆಗುವ ತನಕ ಚಹಾ ಕೂಡ ಇಲ್ಲ. ಹೊರದೇಶದ ಸಮ್ಮೇಳನಕ್ಕೆ ಹೋದಾಗಲೂ ಹೀಗೇ ಮಾಡಿದಳಂತೆ. ಹೋಟೆಲಿನ ಫೈರ್ ಅಲಾರಂ ಕೂಗುತ್ತದೆಂದು ಧೂಪ ಮಾತ್ರ ಹಚ್ಚಲಿಲ್ಲವಂತೆ. ಪೂಜೆ ಮುಗಿಸಿ ಎದ್ದವಳೇ ಬ್ಯಾಗಿನಿಂದ ಭೂತಗನ್ನಡಿ ತೆಗೆದು ಹುಳದ ಬಾಯಿ ನೋಡಲು ಹೊರಡುತ್ತಾಳೆ.

ಇದನ್ನು ನೋಡಿ ನನಗೆ ಮೊದಲಿನಿಂದಲೂ ಒಂದು ಕುತೂಹಲ. ಒಂದು ಪುರಾವೆಯೂ ಇಲ್ಲದ್ದನ್ನು ಅಂಗೈಯಲ್ಲಿ ಹಿಡಿದು ಕೂರುವವಳು, ಪುರಾವೆ ಇಲ್ಲದೆ ಒಂದು ಮಾತನ್ನೂ ಒಪ್ಪದ ಕೆಲಸ ಹೇಗೆ ಮಾಡುತ್ತಾಳೆ? ಕೇಳಿದರೆ ನಗುತ್ತಾಳೆ. ಒತ್ತಾಯಿಸಿದರೆ "ನಿಂದು ಚಹಾ ಆಯ್ತೇನು?" ಎಂದು ಮಾತು ತಿರುಗಿಸುತ್ತಾಳೆ.

ವಿಜ್ಞಾನಿ ದೇವರನ್ನು ನಂಬಬಹುದೇ? ಟಿವಿಯಲ್ಲಿ ಆಗಾಗ ಈ ಜಗಳ ನಡೆಯುತ್ತದೆ. ಒಂದು ಕಡೆಯವರು "ನಾಚಿಕೆಗೇಡು" ಎನ್ನುತ್ತಾರೆ. ಇನ್ನೊಂದು ಕಡೆಯವರು "ನೋಡಿದಿರಾ, ದೊಡ್ಡ ದೊಡ್ಡ ವಿಜ್ಞಾನಿಗಳೇ ಕೈ ಮುಗಿಯುತ್ತಾರೆ" ಎಂದು ಬೀಗುತ್ತಾರೆ. ಇಬ್ಬರಿಗೂ ಆ ವಿಜ್ಞಾನಿ ಏನು ಕೆಲಸ ಮಾಡುತ್ತಾರೆ ಎಂಬುದು ಬೇಡ. ಅವರು ಯಾವ ತಂಡ ಎಂಬುದಷ್ಟೇ ಬೇಕು.

ನಿಜ ಜೀವನದಲ್ಲಿ ಹೀಗೆ ತಂಡ ಮಾಡುವುದೇ ಕಷ್ಟ. ಅಫಜಲಪುರದಲ್ಲಿ ನನ್ನೊಬ್ಬ ಇಂಜಿನಿಯರ್ ಗೆಳೆಯ ಇದ್ದಾನೆ. ಭೀಮಾ ನದಿಗೆ ಎಷ್ಟು ನೀರು ಬಂತು, ಸೊನ್ನದ ಬ್ಯಾರೇಜಿನಲ್ಲಿ ಎಷ್ಟು ನಿಂತಿತು ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿ. ಅಮಾವಾಸ್ಯೆ ಬಂತೆಂದರೆ ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನ ತಪ್ಪಿಸುವುದಿಲ್ಲ. ಇತ್ತ ಜೇವರ್ಗಿಯಲ್ಲಿ ನನ್ನ ಷಡ್ಡಕ, ಕೆಮಿಸ್ಟ್ರಿ ಲೆಕ್ಚರರ್. ದೇವರ ಹೆಸರು ಎತ್ತಿದರೆ ನಗುತ್ತಾನೆ. ಆದರೆ ಹೊಸ ಬೈಕು ತಂದ ದಿನ ಹ್ಯಾಂಡಲಿಗೆ ನಿಂಬೆಹಣ್ಣು ತೂಗುತ್ತಿತ್ತು. ಕೇಳಿದೆ. "ನಾ ಎಲ್ಲಿ ಕಟ್ಟೇನಿ, ನಿಮ್ಮ ನಾದಿನಿ ಕಟ್ಟ್ಯಾಳ" ಎಂದ. ಬಿಚ್ಚಿ ಒಗೆಯಬಹುದಿತ್ತಲ್ಲ? ಒಗೆದಿಲ್ಲ.

ಇನ್ನು ನಾನು ಯಾವ ತಂಡ? ನಾನು ಮೂರನೆಯ ತಂಡದವನು, ನಮ್ಮದೇ ದೊಡ್ಡ ತಂಡ. ನಮಗೆ ದೇವರೂ ಬೇಕು, ವಿಜ್ಞಾನವೂ ಬೇಕು, ಎರಡನ್ನೂ ಕೂಡಿಸಿ ವಾಟ್ಸಾಪ್ ಮಾಡುವುದು ಎಲ್ಲಕ್ಕಿಂತ ಹೆಚ್ಚು ಬೇಕು. ಹೊಸ್ತಿಲಿಗೆ ಅರಿಶಿನ ಯಾಕೆ? ಕ್ರಿಮಿ ಸಾಯಲಿ ಎಂದು. ಗುಡಿಯಲ್ಲಿ ಗಂಟೆ ಯಾಕೆ? ಅದರ ಕಂಪನ ಮಿದುಳಿಗೆ ಒಳ್ಳೆಯದು ಎಂದು. "ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ" ಎಂಬುದು ನಮ್ಮ ತಂಡದ ಘೋಷವಾಕ್ಯ. ಇಂಥದ್ದನ್ನು ಗಂಗಾಳಿಗೆ ಕಳಿಸಿದರೆ ನೀಲಿ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ.

ಸರಿ, ಹೊಲಕ್ಕೆ ಬರೋಣ.

ಭಾಗಮ್ಮನವರು ತಮ್ಮ ಹೊಲದ ಒಂದು ಮೂಲೆಯನ್ನು ಗಂಗಾಳ ಪ್ರಯೋಗಕ್ಕೆ ಕೊಟ್ಟಿದ್ದರು. ಹಿಂದಿನ ವರ್ಷ ಇದೇ ಪ್ರಯೋಗ ಸಂಶೋಧನಾ ಕೇಂದ್ರದ ಬೇಲಿಯೊಳಗೆ ನಡೆದಿತ್ತು. ಈ ಸಲ ರೈತರ ಹೊಲದಲ್ಲಿ ಆಗಬೇಕು. ಆಗದಿದ್ದರೆ ಹಿಂದಿನ ವರ್ಷದ ದುಡಿಮೆಯೂ ಅರ್ಧಕ್ಕೇ ನಿಲ್ಲುತ್ತದೆ. ಕಡಲೆಯ ಸಾಲುಗಳನ್ನು ಚಿಕ್ಕ ಚಿಕ್ಕ ತುಂಡು ಮಾಡಿದ್ದಳು. ಕೆಲವು ತುಂಡಿಗೆ ಅಂಗಡಿಯ ಔಷಧಿ, ಕೆಲವಕ್ಕೆ ಬೇವಿನ ಬೀಜದ ಕಷಾಯ, ಕೆಲವಕ್ಕೆ ಏನೂ ಇಲ್ಲ. ಸುತ್ತಲೂ ಹಗ್ಗ. ಅಮಾವಾಸ್ಯೆ ಆದ ಮೇಲೆ ಒಂದೊಂದು ತುಂಡಿನಲ್ಲೂ ಹುಳ, ಕೊರೆದ ಕಾಯಿ ಎಣಿಸುವುದಿತ್ತು.

"ಯಾವ ತುಂಡಿಗೆ ಯಾವುದು ಅಂತ ಹೆಂಗ ಆರಿಸ್ತಿ?" ಎಂದು ಕೇಳಿದ್ದೆ.

"ನಾ ಆರಿಸಂಗಿಲ್ಲ. ಚೀಟಿ ಎತ್ತತೇವಿ."

"ಪಿಎಚ್‌ಡಿ ಮಾಡಿ ಚೀಟಿ ಎತ್ತತೀರಾ?"

"ಅಣ್ಣಾ, ಬೇವು ಗೆಲ್ಲಲಿ ಅಂತ ನನಗ ಆಸಿ ಅದ. ನಾ ಆರಿಸಿದ್ರ ಚಲೋ ಮಣ್ಣಿನ ತುಂಡು ಬೇವಿಗೇ ಹೋಗ್ತದ. ನನಗೇ ತಿಳೀದಂಗ ಹೋಗ್ತದ. ಈ ಹಗ್ಗ, ಈ ಚೀಟಿ ಎಲ್ಲಾ ದನ ಕಾಯಲಿಕ್ಕಲ್ಲ, ನನ್ನ ಕಾಯಲಿಕ್ಕ."

ಆಗ ಈ ಮಾತನ್ನು ನಾನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ನನ್ನ ಗಮನ ಹಗ್ಗದಾಚೆಯ ಹಸಿ ಕಡಲೆ ಗಿಡದ ಮೇಲಿತ್ತು. (ಒಂದೇ ಒಂದು ಕಿತ್ತೆ. ಹಗ್ಗದ ಹೊರಗಿನದು. ಆ ಹುಳಿ ಹುಳಿ ಸೊಪ್ಪಿನ ರುಚಿ ಬಲ್ಲವರು ನನ್ನನ್ನು ಬೈಯುವುದಿಲ್ಲ.)

ಹಬ್ಬದ ದಿನ ನಾವೆಲ್ಲ ಅಲ್ಲಿಗೆ ಹೋದದ್ದು ಭಾಗಮ್ಮನವರ ಕರೆಯ ಮೇಲೆ. ನಾನು, ನನ್ನ ಹೆಂಡತಿ, ಗಂಗಾ. ಅವರ ಬೀಗರು, ನೆಂಟರು ಬೇರೆ. ಬನ್ನಿ ಮರದ ಕೆಳಗೆ ಜಮಖಾನೆ, ಅದರ ಮೇಲೆ ಡಬ್ಬಿಗಳ ಸಾಲು. ಗಂಗಾ ಸೀದಾ ಭಾಗಮ್ಮನವರ ಹತ್ತಿರ ಹೋಗಿ ಕೂತಳು.

"ಅಕ್ಕ, ಒಂದ್ ಮಾತ್ರಿ. ಹಗ್ಗದ ಒಳಗ ಚರಗ ಚೆಲ್ಲಬ್ಯಾಡ್ರಿ. ಶರಣಪ್ಪಗೂ ಹೇಳೇನಿ."

ಭಾಗಮ್ಮನವರು ಅರವತ್ತು ದಾಟಿದ ಹೆಣ್ಣುಮಗಳು. ಗಂಡ ಹೋದ ಮೇಲೆ ಹೊಲ, ಮನೆ ಎರಡನ್ನೂ ಹಿಡಿದು ನಿಂತವರು. ಗಂಗಾ ಎಂದರೆ ಪ್ರೀತಿ, ಅದಕ್ಕೇ ಹೊಲ ಕೊಟ್ಟದ್ದು. ಆದರೂ ಅವರ ಮುಖ ಸಣ್ಣದಾಯಿತು.

"ಹಂಗ ಹ್ಯಾಂಗ ಆಗ್ತದ್ರಿ ಮ್ಯಾಡಂ? ಅದೇನು ಬ್ಯಾರೆ ಭೂಮಿ ಏನ್ರಿ? ಬಸುರಿ ಮುಂದ ತಾಟು ಇಟ್ಟು, ಒಂದ್ ಕಡಿ ಬಡಿಸಿ ಇನ್ನೊಂದ್ ಕಡಿ ಖಾಲಿ ಬಿಡ್ತಾರೇನು?"

"ಖರೇ ಅದರಿ. ಆದ್ರ ನಂದೂ ಜರಾ ತಿಳ್ಕೋರಿ..."

"ನೀವು ಏನೂ ಹೊಡೀದ ಬಿಟ್ಟೀರಲ್ರಿ ಆ ತುಂಡುಗೋಳು, ಅವನ್ನ ನೋಡಿದ್ರ ನನ್ನ ಹೊಟ್ಟಿ ಚುರಕ್ ಅಂತದ. ಅವಕ್ಕ ಔಷಧಾನೂ ಇಲ್ಲ, ಕಷಾಯಾನೂ ಇಲ್ಲ. ಇವತ್ತ ಊಟಾನೂ ಬ್ಯಾಡ ಅಂತೀರಿ."

ಇಬ್ಬರು ಹೆಂಗಸರೂ ಹಗ್ಗದ ಕಡೆ ನೋಡುತ್ತಾ ಕೂತರು. ಇಂಥ ಹೊತ್ತಿನಲ್ಲಿ ನನ್ನಂಥವನಿಗೆ ಸುಮ್ಮನಿರಲು ಆಗುತ್ತದೆಯೇ? ನಮ್ಮ ತಂಡಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಯಾವಾಗ ಸಿಗುತ್ತದೆ? ಗಂಟಲು ಸರಿ ಮಾಡಿಕೊಂಡು ನಡುವೆ ಹೋಗಿ ಕೂತೆ.

"ಭಾಗಮ್ಮಕ್ಕ, ಚರಗ ಅಂದ್ರ ನಮ್ಮ ಹಿರಿಯರ ಸೈನ್ಸ್ ನೋಡ್ರಿ. ಅನ್ನ ಚೆಲ್ಲಿದ್ರ ಹಕ್ಕಿ ಬರ್ತಾವ. ಹಕ್ಕಿ ಬಂದ್ರ ಅನ್ನದ ಸಂಗಡ ಹುಳಾನೂ ತಿಂತಾವ. ಹುಳ ಹೋದ್ರ ಬೆಳಿ ಉಳೀತದ. ಸುಮ್ನ ಮಾಡಿಲ್ಲ ಅವರು. ಇಡೀ ಹೊಲಕ್ಕ ಚೆಲ್ಲಿದ್ರ ಹಕ್ಕಿ ಹ್ಯಾಂಗೂ ಬರ್ತಾವ. ಆ ಒಂದ್ ಮೂಲಿ ಬಿಟ್ರ ಏನೂ ಫರಕ ಬೀಳಂಗಿಲ್ಲ."

ಎಷ್ಟು ಚೆನ್ನಾಗಿ ಹೇಳಿದೆ ಎಂದು ನನಗೇ ಖುಷಿಯಾಯಿತು. ಭಾಗಮ್ಮನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಂದ್ರ ನಾವು ಹಕ್ಕಿ ಕರೀಲಾಕ ಉಣಸ್ತೇವೇನ್ರಿ? ನಿಮ್ಮ ಮನ್ಯಾಗ ಬಸುರಿ ಹೆಣ್ಮಗಳಿಗೆ ಕುಬಸ ಮಾಡ್ತೀರಿ. ಲಾಭ ನೋಡಿ ಮಾಡ್ತೀರೇನು?"

ತಂಗಿಯ ಕಡೆ ತಿರುಗಿದೆ. ಅವಳಾದರೂ ಬೆನ್ನಿಗೆ ನಿಲ್ಲಬೇಕಲ್ಲ? ನಾನು ಮಾತಾಡಿದ್ದು ಅವಳಿಗಾಗಿ ತಾನೇ?

"ಅಣ್ಣಾ, ನೀ ಹೇಳೂದು ಖರೇ ಇದ್ರ ನನ್ನ ಹಗ್ಗದ ಹತ್ರಾನೂ ಒಂದು ಅಗುಳು ಬೀಳಬಾರದು. ಹಕ್ಕಿ ಬಂದು ಹುಳ ತಿಂದು ಹೋದ್ರ ನಾ ಏನ್ ಎಣಿಸ್ಲಿ?"

"ಸುಳ್ಳಿದ್ರ?"

"ಸುಳ್ಳಿದ್ರ ಅಕ್ಕನ ಮುಂದ ಯಾಕ ಹೇಳಾಕತ್ತೀದಿ?"

ನಂಬುವವರು ಒಬ್ಬರು, ಪರೀಕ್ಷೆ ಮಾಡುವವಳು ಒಬ್ಬಳು. ಇಬ್ಬರನ್ನೂ ಒಟ್ಟಿಗೆ ಒಂದೇ ನಿಮಿಷದಲ್ಲಿ ಸಿಟ್ಟಿಗೆಬ್ಬಿಸಿದ ಕೀರ್ತಿ ನನ್ನದಾಯಿತು. ನನ್ನ ಹೆಂಡತಿ ಡಬ್ಬಿಯ ಮುಚ್ಚಳ ತೆಗೆಯುವ ನೆಪದಲ್ಲಿ ಮುಖ ಆಚೆ ತಿರುಗಿಸಿ ನಕ್ಕಳು.

ಕೊನೆಗೆ ಭಾಗಮ್ಮನವರೇ ಬಗ್ಗಿದರು. "ಆತ್ರಿ. ಮಾತು ಕೊಟ್ಟೀನಿ, ಹೊಲ ಕೊಟ್ಟೀನಿ. ಹಗ್ಗದ ಒಳಗ ಬ್ಯಾಡ ಅಂದ್ರ ಬ್ಯಾಡ. ಶರಣಪ್ಪಾ, ಉಳಿದಿದ್ದಕ್ಕ ಚೆಲ್ರಿ. ನಂದು ಮಾತ್ರ ಇವತ್ತ ಊಟ ಇಲ್ಲ."

"ಯಾಕ್ರಿ ಅಕ್ಕ?"

"ಆ ಮೂಲಿ ಉಪಾಸ ಕುಂತಾಗ ನಾ ಹ್ಯಾಂಗ ಉಣ್ಲಿ?"

ಸಿಟ್ಟಿನಿಂದ ಹೇಳಿದ ಮಾತಲ್ಲ, ಬೆದರಿಕೆಯೂ ಅಲ್ಲ. ಅವರಿಗೆ ನಿಜವಾಗಿಯೂ ತುತ್ತು ಇಳಿಯುವುದಿಲ್ಲ ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. ಒಡತಿ ಉಣ್ಣದೆ ಬಂದವರು ಉಣ್ಣುವುದು ಹೇಗೆ? ಹಸಿದ ಬೀಗರೆಲ್ಲ ಗಂಗಾಳನ್ನೇ ನೋಡತೊಡಗಿದರು. ಗಂಗಾ ಮಾತ್ರ ಭಾಗಮ್ಮನವರನ್ನು ನೋಡುತ್ತಿದ್ದಳು. ನನಗೆ ತಂಗಿಯ ಬಗ್ಗೆ ಅಯ್ಯೋ ಎನ್ನಿಸಿತು. ನಂಬಿಕೆ ಎಂದರೆ ಏನೆಂದೇ ಗೊತ್ತಿಲ್ಲದ ವಿಜ್ಞಾನಿ ಆಗಿದ್ದರೆ "ಹಳ್ಳಿಯವರಿಗೆ ತಿಳಿಯುವುದಿಲ್ಲ" ಎಂದು ಕೈ ಕೊಡವಿ ಏಳಬಹುದಿತ್ತು. ಇವಳಿಗೆ ತಿಳಿಯುತ್ತದೆ. ಪೂಜೆ ಆಗದೆ ಚಹಾ ಕುಡಿಯದವಳಿಗೆ, ಭೂಮಿ ಉಣ್ಣದೆ ತಾನು ಉಣ್ಣುವುದಿಲ್ಲ ಎನ್ನುವವರ ಸಂಕಟ ತಿಳಿಯದೆ ಇರುತ್ತದೆಯೇ? ಹಾಗೆಂದು ಪ್ರಯೋಗ ಬಿಟ್ಟುಕೊಡಲೂ ಆಗದು.

ಇಷ್ಟರಲ್ಲಿ ಶರಣಪ್ಪ ಬುಟ್ಟಿ ತಂದು ನನ್ನ ಕೈಗಿಟ್ಟ. "ನೀವು ಹಿರ್ಯಾರು, ನೀವೇ ಚೆಲ್ರಿ. ನಾ ನೀರು ಹಿಡೀತೀನಿ." ಮರ್ಯಾದೆ ಕೊಟ್ಟಾಗ ಬೇಡ ಎನ್ನಲು ನನಗೆ ಬರುವುದಿಲ್ಲ. ಬುಟ್ಟಿ ಕಂಕುಳಿಗೆ ಏರಿಸಿ ಹೊರಟೆ.

"ಹುಲ್ಲುಲ್ಲಿಗೋ..."

ಏನು ಹೇಳಲಿ ಆ ಖುಷಿಯನ್ನು? ಎಳೆ ಬಿಸಿಲು, ಎದೆಯೆತ್ತರದ ಬಿಳಿಜೋಳ, ಅಂಚಿಗೆ ಅರಿಶಿನದ ಬಣ್ಣದ ಕುಸುಬೆ ಹೂವು. ಕೂಗುತ್ತಾ, ಚೆಲ್ಲುತ್ತಾ, ಚಿಕ್ಕಂದಿನ ಎಲ್ಲ ಎಳ್ಳಮಾವಾಸ್ಯೆಗಳೂ ಒಟ್ಟಿಗೆ ಮೈಮೇಲೆ ಬಂದವು. ಕಣ್ಣು ಆಕಾಶದ ಕಡೆ, ಕೈ ಬುಟ್ಟಿಯ ಕಡೆ. ಜೋಳ ಮುಗಿದು ಕಡಲೆ ಶುರುವಾದದ್ದು ನೋಡಲಿಲ್ಲ. ಬಲಗಡೆ ಹಗ್ಗ ಬಂದದ್ದೂ ನೋಡಲಿಲ್ಲ. ಚೆಲ್ಲುವ ಕೈ ಬಲಗೈ, ಎಸೆತ ಬಲಕ್ಕೆ.

"ಅಣ್ಣಾ, ನಿಂದ್ರು ಅಲ್ಲೇ."

ಗಂಗಾ ಬದುವಿನ ಮೇಲೆ ಓಡಿ ಬರುತ್ತಿದ್ದಳು. ನಾನು ಕಾಲು ತಡೆದೆ.

"ನಿಂದ್ರಬ್ಯಾಡ್ರಿ ಸರ್, ನಡುವ ನಿಂದ್ರಬಾರದ್ರಿ" ಎಂದ ಶರಣಪ್ಪ ಹಿಂದಿನಿಂದ. ತಂಬಿಗೆಯಿಂದ ಬೆನ್ನಿಗೆ ನೀರು ಕೂಡ ಬಿತ್ತು.

ಉಳಿದದ್ದು ನಿಮಗೆ ಗೊತ್ತೇ ಇದೆ. ನಿಲ್ಲಬೇಡ ಎಂದವನ ಮಾತು ಕಾಲು ಕೇಳಿತು. ಚೆಲ್ಲುವುದನ್ನಾದರೂ ನಿಲ್ಲಿಸಬಹುದಿತ್ತಲ್ಲ ಎನ್ನುತ್ತೀರಾ? ಗಾಬರಿಯಲ್ಲಿ ಕೈಗೆ ಅದು ಹೊಳೆಯಲಿಲ್ಲ. ಹಗ್ಗದ ಉದ್ದಕ್ಕೂ ತುಂಡಿಗೊಂದು ಮುಷ್ಟಿಯಂತೆ ಹಾಕಿಕೊಂಡು ಹೋಗಿ, ಬದು ಮುಟ್ಟಿದ ಮೇಲೇ ನಿಂತೆ. ತಿರುಗಿ ನೋಡಿದರೆ ಹತ್ತಿರದ ಸಾಲಿನ ತುಂಡುಗಳಿಗೆಲ್ಲ ಬಜ್ಜಿ ರೊಟ್ಟಿ ಬಿದ್ದಿದೆ, ದೂರದ ಸಾಲಿನವು ಹಾಗೇ ಇವೆ.

ಗಂಗಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬದುವಿನ ಮೇಲೆ ಕೂತು ಆ ಸಾಲುಗಳನ್ನೇ ನೋಡಿದಳು. ಬನ್ನಿ ಮರದ ಕೆಳಗಿದ್ದವರೆಲ್ಲ ಎದ್ದು ಬಂದರು.

"ಆರಿಸಿ ತೆಗೀಲೇನು?" ಎಂದೆ.

"ಮಣ್ಣಾಗ ಬಿದ್ದ ಬಜ್ಜಿ ಆರಿಸ್ತೀ?"

ಒಂದು ಗೊರವಂಕ ಆಗಲೇ ಬಂದು ಇಳಿದಿತ್ತು. (ನನ್ನ ವಾದ ಸರಿ ಎಂದು ಅದೊಂದು ಹಕ್ಕಿಗಾದರೂ ಅನ್ನಿಸಿತಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಹೊತ್ತು ಅದಾಗಿರಲಿಲ್ಲ.) ಗಂಗಾ ಅದನ್ನು ನೋಡಿದಳು. ಹಗ್ಗದ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಬುಟ್ಟ್ಯಾಗ ಇನ್ನಾ ಅದ ಏನು?"

"ಅದ."

"ಬಾ. ಉಳಿದ ತುಂಡಿಗೂ ಹಾಕೂಣು. ನಿನ್ನ ಕೈಲೇ ಹಾಕು, ಅದೇ ಮುಷ್ಟಿ. ಒಂದಕ್ಕ ಹೆಚ್ಚು ಬ್ಯಾಡ, ಒಂದಕ್ಕ ಕಡಿಮಿ ಬ್ಯಾಡ."

"ಪ್ರಯೋಗ ಕೆಡಂಗಿಲ್ಲೇನು?"

"ಅರ್ಧಕ್ಕ ಹಾಕಿ ಅರ್ಧಕ್ಕ ಬಿಟ್ರ ಕೆಡ್ತದ. ಹಕ್ಕಿ ಇಲ್ಲಿಗೆ ಬರ್ತಾವ, ಅಲ್ಲಿಗೆ ಬರಂಗಿಲ್ಲ. ಹುಳ ಕಡಿಮಿ ಆಗಿದ್ದು ಬೇವಿಂದೋ, ನಿನ್ನ ರೊಟ್ಟಿಂದೋ ಯಾರಿಗೆ ಗೊತ್ತಾಗಬೇಕು? ಎಲ್ಲಕ್ಕೂ ಸಮ ಬಿದ್ರ ಬೇವಿಗೂ ಅದೇ, ಔಷಧಕ್ಕೂ ಅದೇ, ಏನೂ ಇಲ್ಲದ್ದಕ್ಕೂ ಅದೇ. ಒಂದನ್ನ ಇನ್ನೊಂದ್ರ ಸಂಗಡ ಹೋಲಿಸಿ ನೋಡಲಿಕ್ಕ ಬರ್ತದ."

ನಂತರ ನಡೆದ ಚರಗವನ್ನು ನೀವು ನೋಡಬೇಕಿತ್ತು. ನಾನು ಮುಷ್ಟಿ ತುಂಬಿ ಗಂಗಾಳ ಮುಂದೆ ಹಿಡಿಯುವುದು. ಅವಳು ನೋಡಿ ಒಂದು ಚೂರು ರೊಟ್ಟಿ ತೆಗೆಯುವುದು, ಇಲ್ಲವೇ ಒಂದು ಕಾಳು ಬಜ್ಜಿ ಸೇರಿಸುವುದು. ಆಮೇಲೆ ತುಂಡಿನ ನಟ್ಟನಡುವೆ ಚೆಲ್ಲುವುದು. ಶರಣಪ್ಪನ ನೀರಿಗೂ ಅಳತೆ. ಮೊದಲೇ ಬಿದ್ದಿದ್ದ ತುಂಡುಗಳಲ್ಲೂ ಎಲ್ಲಿ ಕಡಿಮೆ ಬಿದ್ದಿದೆ ಎಂದು ಬಗ್ಗಿ ನೋಡಿ ತುಂಬಿಸಿದಳು. ಏನೂ ಹೊಡೆಯದ ಒಂದು ತುಂಡಿನ ಹತ್ತಿರ ಬಂದಾಗ ಭಾಗಮ್ಮನವರು ಹಗ್ಗದ ಆಚೆಯಿಂದ ಕೈ ಚಾಚಿದರು.

"ಅದಕ್ಕ ಜರಾ ಹೆಚ್ಚಿಗಿ ಹಾಕ್ರಿ. ಪಾಪ."

"ಇಲ್ರಿ ಅಕ್ಕ. ಪಂಕ್ತಿಯೊಳಗ ಭೇದ ಮಾಡಬಾರದು."

ಭಾಗಮ್ಮನವರು ಒಂದು ಗಳಿಗೆ ಅವಳನ್ನೇ ನೋಡಿದರು.

"ಮುಂಜಾನಿಂದ ನಾ ಹೇಳಾಕತ್ತಿದ್ದು ಮತ್ತೇನ್ರಿ?"

ಗಂಗಾ ನಕ್ಕುಬಿಟ್ಟಳು. ಭಾಗಮ್ಮನವರೂ ನಕ್ಕರು. ಆಮೇಲೆ ಊಟಕ್ಕೆ ಕೂತಾಗ ಅವರು ಗಂಗಾಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಬೇಡ ಬೇಡ ಎಂದರೂ ಹೋಳಿಗೆಯ ಮೇಲೆ ತುಪ್ಪ ಸುರಿದರು. ಪಂಕ್ತಿಭೇದ ಎಂದು ನಾನು ತಕರಾರು ತೆಗೆದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆಂದ. ಆದರೆ ಕೈ ತೊಳೆದ ಕೂಡಲೇ ಗಂಗಾ ತನ್ನ ಮೇಲಿನ ವಿಜ್ಞಾನಿಗೆ ಫೋನ್ ಹಚ್ಚಿದಳು.

"ಯಾಕ ಹೇಳ್ತಿ? ಎಲ್ಲಕ್ಕೂ ಸಮ ಹಾಕೇವಲ್ಲ, ಯಾರಿಗೆ ಗೊತ್ತಾಗ್ತದ?" ಎಂದೆ.

"ನನಗ ಗೊತ್ತದಲ್ಲ" ಎಂದಳು, ಫೋನು ಕಿವಿಗೆ ಹಿಡಿದುಕೊಂಡೇ.

ಆ ಹಿರಿಯರು ಬೆಂಗಳೂರು ಕಡೆಯವರು. ದೇವರು, ದಿಂಡರು ಏನೂ ಇಲ್ಲದವರು, ಮನೆಗೆ ಗೃಹಪ್ರವೇಶವನ್ನೂ ಮಾಡಿಸದವರು ಎಂದು ಗಂಗಾಳೇ ಹೇಳಿದ್ದಳು. ಇವಳ ವಿಭೂತಿ ನೋಡಿ ನಗಲೂ ಇಲ್ಲ, ಕೆದಕಲೂ ಇಲ್ಲ ಎಂದೂ ಹೇಳಿದ್ದಳು. ಇವತ್ತು ಸಿಕ್ಕಿತು ಅವರಿಗೆ ಅವಕಾಶ, ತಂಗಿಗೆ ಮಂಗಳಾರತಿ ಆಗುತ್ತದೆ ಎಂದುಕೊಂಡೆ. ಗಂಗಾ ನಡೆದದ್ದನ್ನೆಲ್ಲ ಹೇಳಿದಳು. (ನನ್ನ ಹೆಸರು ಬಿಡಲಿಲ್ಲ.) ನಡುವೆ ಸ್ಪೀಕರ್ ಹಾಕಿದ್ದರಿಂದ ಅವರ ಮಾತು ನಮಗೂ ಕೇಳಿಸಿತು.

"ಎಲ್ಲಾ ಪ್ಲಾಟಿಗೂ ಹಾಕಿದ್ರಾ ಗಂಗಾಂಬಿಕೆ?"

"ಹೌದು ಸರ್."

"ಕಂಟ್ರೋಲ್‌ಗೂ?"

"ಏನೂ ಹೊಡೆಯದ ತುಂಡುಗಳಿಗೂ ಹಾಕಿದೆ ಸರ್. ಮೊದಲು ಬಿದ್ದದ್ದು ಹೆಚ್ಚುಕಡಿಮೆ ಸಮ ಮಾಡಿದೀನಿ. ಪೂರ್ತಿ ಸಮ ಅಂತ ಹೇಳೋಕೆ ಆಗಲ್ಲ."

"ಸರಿ. ಏನಾಯ್ತೋ ಹಾಗೇ ರಿಪೋರ್ಟಿಗೆ ಹಾಕಿ, ಏನೂ ಮುಚ್ಚಬೇಡಿ. ನೋಡೋಣ." ಫೋನ್ ಇಡುವ ಮುಂಚೆ ಮತ್ತೆ ಕೇಳಿದರು. "ಸಜ್ಜೆ ಕಡುಬು ಉಳಿದಿದೆಯಾ?"

ಉಳಿದಿತ್ತು. ಭಾಗಮ್ಮನವರು ಒಂದು ಡಬ್ಬಿ ತುಂಬಿ, ಮೇಲೆ ಅಗಸಿ ಹಿಂಡಿಯ, ಅಂದರೆ ಚಟ್ನಿಪುಡಿಯ, ಪೊಟ್ಟಣ ಇಟ್ಟು ಕೊಟ್ಟರು. ದೇವರಿಲ್ಲ ಎನ್ನುವವರಿಗೆ ಭೂಮಿ ತಾಯಿಯ ಪ್ರಸಾದ. ಅವರು ಖುಷಿಯಿಂದ ತಿಂದರು ಎಂದು ಮಾರನೆಯ ದಿನ ಸುದ್ದಿ ಬಂತು. ಟಿವಿಯವರು ಕೇಳಿದ್ದರೆ ಇದರ ಮೇಲೂ ಅರ್ಧ ಗಂಟೆ ಚರ್ಚೆ ಮಾಡುತ್ತಿದ್ದರು.

ಅಮಾವಾಸ್ಯೆ ಕಳೆದು ಈಗ ಕೆಲವು ವಾರಗಳಾದವು. ಎಣಿಕೆ ಮುಗಿದಿದೆ. ಯಾವ ತುಂಡಿಗೆ ಏನು ಹೊಡೆದಿದ್ದಾರೆಂದು ಗೊತ್ತಿಲ್ಲದ ಬೇರೆಯವರಿಂದ ಎಣಿಕೆ ಮಾಡಿಸಿದರಂತೆ, ಅದೂ ಅವರಲ್ಲಿ ಒಂದು ಪದ್ಧತಿಯಂತೆ. ನಮ್ಮ ಬಜ್ಜಿ ರೊಟ್ಟಿಯಿಂದ ಹೋಲಿಕೆಗೆ ಧಕ್ಕೆಯಾಗಲಿಲ್ಲ ಎಂದರು ಆ ಹಿರಿಯ ವಿಜ್ಞಾನಿ. ಮುಂದಿನ ಹಿಂಗಾರಿಗೂ ಹೊಲ ಕೊಡುತ್ತೇನೆ ಎಂದು ಭಾಗಮ್ಮನವರು ತಾವಾಗಿಯೇ ಹೇಳಿಕಳಿಸಿದ್ದಾರೆ. ಬೇವು ಮಾತ್ರ ಗಂಗಾ ಆಸೆಪಟ್ಟಷ್ಟು ಗೆಲ್ಲಲಿಲ್ಲ. ಏನೂ ಹೊಡೆಯದ್ದಕ್ಕಿಂತ ಎಷ್ಟೋ ವಾಸಿ, ಅಂಗಡಿ ಔಷಧಿಗಿಂತ ಹಿಂದೆ.

ಕಳೆದ ಭಾನುವಾರ ಅವಳು ನಮ್ಮ ಮನೆಗೆ ಬಂದಿದ್ದಳು. ಬೆಳಗ್ಗೆ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು ಅಡುಗೆ ಮನೆಗೆ ಬಂದಳು. ಮುಖದಲ್ಲಿ ಬೇಸರದ ಗುರುತೇ ಇರಲಿಲ್ಲ. ನನಗೇ ಬೇಸರವಾಗಿತ್ತು. ಬೇವು ಗೆದ್ದಿದ್ದರೆ ಈ ಅಂಕಣಕ್ಕೆ ಎಷ್ಟು ಒಳ್ಳೆಯ ಮುಕ್ತಾಯ ಸಿಗುತ್ತಿತ್ತು?

"ಗಂಗಾ, ಒಂದ್ ಮಾತು ಖರೇ ಹೇಳು. ಎಣಿಕಿ ನಡೆದಾಗ ದಿನಾ ಪೂಜಾಕ್ಕ ಕುಂತಿ. ಬೇವು ಗೆಲ್ಲಲಿ ಅಂತ ಒಮ್ಮಿ ಆದ್ರೂ ಕೇಳಲಿಲ್ಲೇನು?"

ಈ ಸಲ ಅವಳು ಮಾತು ತಿರುಗಿಸಲಿಲ್ಲ. ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದು ನನ್ನನ್ನು ನೋಡಿದಳು.

"ಕೇಳಿದ್ರ ಪ್ರಯೋಗಾನೂ ಕೆಡ್ತದ ಅಣ್ಣಾ, ಪೂಜಾನೂ ಕೆಡ್ತದ."

ಎರಡು ಕಡೆಯೂ ಅವಳು ಕೂರುವುದು ಒಂದೇ ರೀತಿಯಲ್ಲಿ ಎಂದು ನನಗೆ ಆಗ ಹೊಳೆಯಿತು. ಹೊಲದಲ್ಲಿ ಬಂದ ಉತ್ತರ ಒಪ್ಪಿಕೊಳ್ಳಲು ಕೂರುತ್ತಾಳೆ. ಅಂಗೈಯ ಮುಂದೆ ಯಾವ ಉತ್ತರವನ್ನೂ ಬೇಡದೆ ಕೂರುತ್ತಾಳೆ. ತನ್ನ ಆಸೆಯನ್ನು ಎರಡೂ ಕಡೆ ಹಗ್ಗದ ಹೊರಗೇ ಬಿಟ್ಟು ಬರುತ್ತಾಳೆ. ನಾನು ಮಾತ್ರ ಇಷ್ಟು ವರ್ಷ ಅರಿಶಿನಕ್ಕೊಂದು ಲಾಭ, ಗಂಟೆಗೊಂದು ಲಾಭ ಹುಡುಕಿ ಊರಿಗೆಲ್ಲ ಕಳಿಸಿದ್ದೇ ಬಂತು.

ಅದಿರಲಿ. ಕೈ ಮುಗಿದು ನಿಂತು, ಏನನ್ನೂ ಕೇಳದೆ ಹಾಗೇ ಮರಳಿ ಬಂದದ್ದು ನಿಮಗೆ ನೆನಪಿದೆಯೇ?